ಸ್ಟ್ರಾಟಜಿ ಆಟಕ್ಕೆ ಸ್ಟೀಮ್‌ನಲ್ಲಿ ಅಂಗಡಿ ಪುಟ ಕಟ್ಟುವುದು: ಕ್ಯಾಪ್ಸೂಲ್ ಚಿತ್ರದಿಂದ ವಿವರಣೆಯವರೆಗೆ

ಎರಡು ವರ್ಷ ಕೂತು ಆಟ ಮಾಡಿರುತ್ತೀರಿ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಸ್ಟೋರ್ ಪೇಜ್‌ಗೆ ಕೊಡುವುದು ಮಾತ್ರ ಒಂದು ಶನಿವಾರ ಸಂಜೆ. ಆಟದೊಳಗಿನ ಯಾವುದೋ ಚಿತ್ರ ಕತ್ತರಿಸಿ, ಮೇಲೆ ಹೆಸರು ಅಂಟಿಸಿ, ಸಿಕ್ಕ ಐದು ಸ್ಕ್ರೀನ್‌ಶಾಟ್ ಹಾಕಿ, "ಆಳವಾದ ಗೇಮ್‌ಪ್ಲೇ, ಅನನ್ಯ ಅನುಭವ" ಅಂತ ಎರಡು ಸಾಲು ಗೀಚಿ ಕೈ ತೊಳೆದುಕೊಳ್ಳುತ್ತೀರಿ. ನಾನೂ ಹಾಗೇ ಮಾಡಿದವನು. ಆಟವನ್ನು ಎದುರಿಗೆ ಕೂರಿಸಿ ತೋರಿಸಿದರೆ ಜನ ಇಷ್ಟಪಡುತ್ತಿದ್ದರು, ಪುಟ ನೋಡಿದವರು ಸುಮ್ನೆ ಮುಂದೆ ಹೋಗುತ್ತಿದ್ದರು.

ಯಾಕೆ ಅಂತ ತಿಳಿಯಲು ಬಹಳ ದಿನ ಬೇಕಾಯಿತು. ಸ್ಟ್ರಾಟಜಿ ಆಟಗಾರ ದುಡ್ಡು ಕೊಡುವುದು ತನಗಿಷ್ಟವಾದ ಒಂದು ತಲೆನೋವಿಗೆ. "ಇಲ್ಲಿ ನಾನು ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು?" ಅನ್ನುವುದೇ ಅವನ ಪ್ರಶ್ನೆ. ಅದಕ್ಕೆ ಕೆಲವು ಸೆಕೆಂಡುಗಳಲ್ಲಿ ಉತ್ತರ ಸಿಗದಿದ್ದರೆ ಪಕ್ಕದಲ್ಲಿ ಇನ್ನೂ ಸಾವಿರ ಆಟಗಳಿವೆ. ಹಾಗಾಗಿ ಕ್ಯಾಪ್ಸೂಲ್ (ಆಟದ ಹೆಸರಿರುವ ಪುಟ್ಟ ಚಿತ್ರ), ಸ್ಕ್ರೀನ್‌ಶಾಟ್, ವಿವರಣೆ, ಟ್ಯಾಗ್ (ಆಟದ ಬಗೆ ಹೇಳುವ ಪದ) ಎಲ್ಲವೂ ಆ ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು. ಈ ಬರಹ ಅದನ್ನು ಒಂದೊಂದೇ ಹೆಜ್ಜೆಯಾಗಿ ಮಾಡುವ ಬಗ್ಗೆ. ಒಬ್ಬರೋ ಇಬ್ಬರೋ ಸೇರಿ ಆಟ ಮಾಡುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಉದಾಹರಣೆಗೆ ಒಂದು ಆಟ ಊಹಿಸಿಕೊಳ್ಳೋಣ. ಕೋಲಾರದ ಕಡೆ ಕೆರೆಗಳು ಸರಪಳಿ ಹಾಗೆ ಇರುತ್ತವೆ ಅಲ್ವಾ? ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ತೂಬು ತೆಗೆದು ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವವನು ನೀರುಗಂಟಿ. ನಮ್ಮ ಆಟದಲ್ಲಿ ಆಟಗಾರನೇ ನೀರುಗಂಟಿ. ಏಳು ಕೆರೆ, ಏಳು ಊರು, ವಾರಕ್ಕೊಂದು ಟರ್ನ್, ಅಂದರೆ ಆಡುವ ಸರದಿ. ಇಂಥ ಆಟ ಇನ್ನೂ ಯಾರೂ ಮಾಡಿಲ್ಲದಿದ್ದರೆ ನೀವೇ ಮಾಡಿ, ನನ್ನ ತಕರಾರಿಲ್ಲ.

ಹೆಜ್ಜೆ 1: ಮೊದಲು ಒಂದು ವಾಕ್ಯ

ಫೋಟೋಶಾಪ್ ತೆರೆಯಬೇಡಿ. ಒಂದು ಹಾಳೆ ತಗೊಳ್ಳಿ. ಆಟಗಾರ ಯಾರು, ಅವನು ಯಾವ ಎರಡರ ನಡುವೆ ಆರಿಸಬೇಕು, ಯಾವುದು ಅವನಿಗೆ ಸಾಲುವುದಿಲ್ಲ, ಈ ಮೂರನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ನಮ್ಮದು ಹೀಗಾಗುತ್ತದೆ: "ನೀರುಗಂಟಿಯಾಗಿ ನೀವು ಈ ವಾರ ತೂಬು ತೆಗೆಯಬೇಕೋ ಮುಚ್ಚಬೇಕೋ ನಿರ್ಧರಿಸಬೇಕು, ತೆಗೆದರೆ ಮುಂದಿನ ವಾರಗಳಿಗೆ ನೀರು ಸಾಲದು, ಮುಚ್ಚಿದರೆ ಜೋರು ಮಳೆಗೆ ಏರಿ ಒಡೆಯಬಹುದು."

ಈ ವಾಕ್ಯ ಯಾರಿಗೂ ತೋರಿಸುವುದಲ್ಲ, ಚಂದ ಇರಬೇಕಾಗಿಲ್ಲ. ಆದರೆ ಇದು ಬರದಿದ್ದರೆ ಮುಂದೆ ಹೋಗಬೇಡಿ. ಒಂದು ವಾಕ್ಯದಲ್ಲಿ ಕೂರುತ್ತಿಲ್ಲ ಅಂದರೆ ಕೆಲವೊಮ್ಮೆ ತೊಂದರೆ ಪುಟದ್ದಲ್ಲ, ಆಟದ್ದೇ.

ಹೆಜ್ಜೆ 2: ಹೆಸರು

ಇಲ್ಲಿ ಒಂದು ತಮಾಷೆ ಆಯಿತು. ಮೊದಲು ಆಟಕ್ಕೆ "ಕೋಡಿ" ಅಂತ ಹೆಸರಿಡೋಣ ಅಂದುಕೊಂಡೆ. ಚಿಕ್ಕದು, ಚೊಕ್ಕದು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ವಿಡಿಯೋ ನೋಡುವ ಒಂದು ಹೆಸರಾಂತ ಸಾಫ್ಟ್‌ವೇರ್ ಎದುರಾಗುತ್ತದೆ. ಅದನ್ನು ದಾಟಿ ನಮ್ಮ ಆಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿ, "ಸೆವೆನ್ ಟ್ಯಾಂಕ್ಸ್" ಅಂತ ಇಡೋಣವೇ? ನಮ್ಮಲ್ಲಿ ಇಂಗ್ಲಿಷ್‌ನಲ್ಲಿ ಕೆರೆಗೆ ಟ್ಯಾಂಕ್ ಅಂತಲೇ ಹೇಳುತ್ತೇವೆ. ಆದರೆ ಸ್ಟೀಮ್‌ನ ಸ್ಟ್ರಾಟಜಿ ವಿಭಾಗದಲ್ಲಿ ಟ್ಯಾಂಕ್ ಅಂದರೆ ಫಿರಂಗಿ ಹೊತ್ತ ಯುದ್ಧದ ಗಾಡಿ. ಎರಡನೇ ಮಹಾಯುದ್ಧದ ಆಟ ಅಂತ ಬಂದವನು ಭತ್ತದ ಗದ್ದೆ ನೋಡಿ ಬೈದು ಹೋಗುತ್ತಾನೆ. ಅವನ ತಪ್ಪೇನೂ ಇಲ್ಲ.

ಕೊನೆಗೆ "ನೀರುಗಂಟಿ" ಅಂತಲೇ ಉಳಿಸಿಕೊಂಡೆ. ಹೊರಗಿನವರಿಗೆ ಉಚ್ಚರಿಸಲು ತುಸು ಕಷ್ಟ, ಆದರೆ ಹುಡುಕಿದರೆ ನಮ್ಮದೇ ಸಿಗುತ್ತದೆ. ಜೊತೆಗೆ "ಏಳು ಕೆರೆಗಳ ಕಾವಲುಗಾರ" ಎನ್ನುವ ಅರ್ಥದ ಇಂಗ್ಲಿಷ್ ಉಪಶೀರ್ಷಿಕೆ ಇಟ್ಟರೆ ಅರ್ಥವೂ ತಿಳಿಯುತ್ತದೆ. ನಿಮ್ಮ ಹೆಸರನ್ನೂ ಹೀಗೇ ಪರೀಕ್ಷಿಸಿ: ಸ್ಟೀಮ್‌ನಲ್ಲಿ ಹುಡುಕಿ, ಗೂಗಲ್‌ನಲ್ಲಿ ಹುಡುಕಿ, ಫೋನಿನಲ್ಲಿ ಒಬ್ಬರಿಗೆ ಹೇಳಿ ಸರಿಯಾಗಿ ಬರೆದುಕೊಂಡರಾ ಕೇಳಿ.

ಹೆಜ್ಜೆ 3: ಅಕ್ಕಪಕ್ಕದ ಅಂಗಡಿ ನೋಡಿ ಬನ್ನಿ

ಸ್ಟೀಮ್‌ನಲ್ಲಿ ನಿಮ್ಮ ಆಟಕ್ಕೆ ಹತ್ತಿರದ ಟ್ಯಾಗ್ ಒತ್ತಿ. ಟರ್ನ್-ಬೇಸ್ಡ್ ಸ್ಟ್ರಾಟಜಿ, ಸಿಟಿ ಬಿಲ್ಡರ್, ರಿಸೋರ್ಸ್ ಮ್ಯಾನೇಜ್‌ಮೆಂಟ್, ಯಾವುದು ಹೊಂದುತ್ತದೋ ಅದು. ಬರುವ ಪಟ್ಟಿಯ ಎರಡು ಮೂರು ಪರದೆಗಳನ್ನು ಸ್ಕ್ರೀನ್‌ಶಾಟ್ ತೆಗೆದು ಒಂದು ಫೈಲ್‌ನಲ್ಲಿ ಜೋಡಿಸಿ. ನಡುವೆ ಒಂದು ಖಾಲಿ ಚೌಕ ಬಿಡಿ. ಅದು ನಿಮ್ಮ ಜಾಗ.

ಈಗ ಸುಮ್ನೆ ಹತ್ತು ನಿಮಿಷ ನೋಡಿ. ಊರು ಕಟ್ಟುವ ಆಟಗಳು ಹೆಚ್ಚಾಗಿ ಮೇಲಿನಿಂದ ಕಂಡ ಊರು, ಮನೆ ಮಾಡು, ಹೊಗೆ ತೋರಿಸುತ್ತವೆ. ಸಾಮ್ರಾಜ್ಯ ಆಳುವ ಆಟಗಳಲ್ಲಿ ರಾಜರ ಮುಖ, ಬಾವುಟ, ಕತ್ತಿ. ಕಾರ್ಡ್ ಆಟಗಳಲ್ಲಿ ಒಬ್ಬ ವೀರ ಮತ್ತು ಒಂದು ದೈತ್ಯ. ಇವು ಸುಮ್ಮನೆ ಬಂದ ಅಭ್ಯಾಸಗಳಲ್ಲ. ಆಟಗಾರ ಓದುವ ಮೊದಲೇ ಇವುಗಳಿಂದ ಆಟದ ಜಾತಿ ಗುರುತಿಸುತ್ತಾನೆ. ಪೂರ್ತಿ ಬೇರೆಯಾಗಿ ಮಾಡುತ್ತೇನೆ ಅಂತ ಹೊರಟರೆ ಅವನಿಗೆ ಇದು ತನ್ನ ಆಟ ಅಂತ ಗೊತ್ತೇ ಆಗುವುದಿಲ್ಲ. ಪೂರ್ತಿ ಅದೇ ಥರ ಮಾಡಿದರೆ ಗುಂಪಿನಲ್ಲಿ ಕಳೆದುಹೋಗುತ್ತೀರಿ. ನಾನು ಮಾಡುವುದು ಇಷ್ಟೇ: ಕೋನ ಮತ್ತು ವಸ್ತು ಪಕ್ಕದವರಂತೆ ಇಡುತ್ತೇನೆ, ಬಣ್ಣ ಬೇರೆ ಮಾಡುತ್ತೇನೆ. ಆ ಪಟ್ಟಿ ಕಂದು, ಕಡುನೀಲಿಗಳಿಂದ ತುಂಬಿದ್ದರೆ ಮುಂಗಾರಿನ ಎಳೆ ಹಸಿರು ತಾನಾಗಿ ಎದ್ದು ಕಾಣುತ್ತದೆ.

ಹೆಜ್ಜೆ 4: ಕ್ಯಾಪ್ಸೂಲ್

ಕ್ಯಾಪ್ಸೂಲ್ ಅಂದರೆ ಅಂಗಡಿಯಲ್ಲಿ ಎಲ್ಲೆಲ್ಲೂ ಕಾಣುವ, ಹೆಸರಿರುವ ಆ ಪುಟ್ಟ ಚಿತ್ರ. ಕೆಲಸದ ಅರ್ಧ ಭಾರ ಇದರ ಮೇಲೆ. ಆಟದ ಕಲೆ ಎಲ್ಲ ನೀವೇ ಮಾಡಿದ್ದರೂ, ಖರ್ಚು ಮಾಡಲು ಸ್ವಲ್ಪ ದುಡ್ಡಿದ್ದರೆ ಇದಕ್ಕೆ ಮಾಡಿ ಅನ್ನುತ್ತೇನೆ. ಪಿಕ್ಸೆಲ್ ಆರ್ಟ್ ಚೆನ್ನಾಗಿ ಮಾಡುವವರಿಗೆ ಪುಸ್ತಕದ ಮುಖಪುಟದಂಥ ಚಿತ್ರ ಬರಬೇಕು ಅಂತೇನಿಲ್ಲ, ಎರಡೂ ಬೇರೆ ವಿದ್ಯೆ.

ಈ ಬರಹಕ್ಕಾಗಿ ನಾನೇ ಒಂದು ಗೀಚು ಚಿತ್ರ ಮಾಡಿದೆ. ಮೇಲಿನಿಂದ ನೋಡಿದಂತೆ ಏಳು ದುಂಡಗಿನ ಕೆರೆ, ಸುತ್ತ ಹೊಲ. ಆಟ ಇರುವುದೇ ಹಾಗೆ, ಅದಕ್ಕಿಂತ ಪ್ರಾಮಾಣಿಕ ಚಿತ್ರ ಯಾವುದಿದೆ ಅಂತ ಬೀಗಿದೆ. ಫೋನಿನಲ್ಲಿ ಚಿಕ್ಕದು ಮಾಡಿ ಅಕ್ಕನಿಗೆ ತೋರಿಸಿದೆ. "ಏನೋ ಇದು, ಇಡ್ಲಿ ತಟ್ಟೇನಾ?" ಅಂದಳು. ನೋಡಿದರೆ ಹೌದು, ಇಡ್ಲಿ ತಟ್ಟೆಯೇ. ಆಮೇಲೆ ಎಷ್ಟು ಸಲ ನೋಡಿದರೂ ಕೆರೆ ಕಾಣಲೇ ಇಲ್ಲ.

ತಪ್ಪು ಎಲ್ಲಾಯಿತು? ನಕ್ಷೆ ಇತ್ತು, ನಿರ್ಧಾರ ಇರಲಿಲ್ಲ. ಹೆಜ್ಜೆ 1ರ ವಾಕ್ಯಕ್ಕೆ ವಾಪಸ್ ಹೋದೆ. ತೂಬು ತೆಗೆಯಬೇಕೋ ಮುಚ್ಚಬೇಕೋ. ಎರಡನೇ ಗೀಚು: ಕೆರೆ ಏರಿಯ ಮೇಲೆ ತೂಬಿನ ಎರಡು ಕಲ್ಲುಕಂಬ. ನಡುವೆ ಕಂಬಳಿ ಹೊದ್ದ ಒಬ್ಬ, ಕೈ ತೂಬಿನ ಕೋಲಿನ ಮೇಲೆ. ಎಡಗಡೆ ಅಂಚಿನವರೆಗೂ ತುಂಬಿದ ನೀರು ಮತ್ತು ಕಪ್ಪು ಮೋಡ. ಬಲಗಡೆ, ಕೆಳಗೆ, ಒಣಗಿದ ಗದ್ದೆ. ಇದನ್ನೂ ಅಕ್ಕನಿಗೆ ತೋರಿಸಿದೆ. "ಇವನು ನೀರು ಬಿಡ್ತಾನೋ ಇಲ್ವೋ?" ಅಂತ ಕೇಳಿದಳು. ಆಟ ಗೊತ್ತಿಲ್ಲದವರ ಬಾಯಲ್ಲಿ ಆಟದ ಪ್ರಶ್ನೆ ಬಂದರೆ ಗೀಚು ಪಾಸು.

ಇನ್ನು ಚಿತ್ರಕಾರರಿಗೆ ಹೇಳುವ ಬಗೆ. "ಎಪಿಕ್ ಆಗಿರಲಿ, ಸಿನಿಮಾ ಥರ ಇರಲಿ" ಅಂದರೆ ಅವರಿಗೆ ಏನೂ ಸಿಗುವುದಿಲ್ಲ. ನಾನು ಬರೆದುಕೊಡುವುದು ಹೀಗೆ:

"ಟರ್ನ್-ಬೇಸ್ಡ್ ಸ್ಟ್ರಾಟಜಿ ಆಟ, ಯುದ್ಧ ಇಲ್ಲ. ನೋಡಿದವರಿಗೆ ಮೊದಲು ಕಾಣಬೇಕಾದ್ದು ತೂಬಿನ ಮೇಲಿನ ಕೈ. ಎರಡನೆಯದು ಹೆಸರು. ಮೂರನೆಯದು ತುಂಬಿದ ನೀರು ಮತ್ತು ಒಣಗಿದ ಗದ್ದೆಯ ವ್ಯತ್ಯಾಸ. ನಾಲ್ಕನೆಯದು ಬೇಡ. ಮುಖದಲ್ಲಿ ಕೋಪ ಬೇಡ, ಲೆಕ್ಕ ಹಾಕುತ್ತಿರುವವನ ಮುಖ ಇರಲಿ. ಮನುಷ್ಯ, ಹಿನ್ನೆಲೆ, ಹೆಸರು ಬೇರೆ ಬೇರೆ ಲೇಯರ್‌ನಲ್ಲಿ ಬೇಕು. ಪಟ್ಟಿಯಲ್ಲಿ ಪಕ್ಕದಲ್ಲಿರುವ ಆಟಗಳ ಚಿತ್ರ ಇಟ್ಟಿದ್ದೇನೆ, ನೋಡಿ."

ಲೇಯರ್ ಮಾತು ಮರೆಯಬೇಡಿ. ಅದೇ ಚಿತ್ರವನ್ನು ಅಡ್ಡ ಪಟ್ಟಿಯಾಗಿಯೂ ಉದ್ದ ಪೋಸ್ಟರ್ ಆಗಿಯೂ ಜೋಡಿಸಬೇಕಾಗುತ್ತದೆ. ಎಲ್ಲ ಒಂದೇ ಪದರದಲ್ಲಿ ಬಂದರೆ ಕತ್ತರಿಸುವಾಗ ನೀರುಗಂಟಿಯ ತಲೆ ಹೋಗುತ್ತದೆ. ಜಾಹೀರಾತು, ಟೀ ಶರ್ಟ್, ಮುಂದಿನ ಭಾಗ, ಎಲ್ಲೆಲ್ಲಿ ಬಳಸಬಹುದು ಎನ್ನುವುದನ್ನೂ ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ.

ಅಳತೆಗಳನ್ನು ಬೇಗ ಹೇಳಿಬಿಡುತ್ತೇನೆ, ಎಲ್ಲ ಪಿಕ್ಸೆಲ್‌ನಲ್ಲಿ. ಹೆಡರ್ ಕ್ಯಾಪ್ಸೂಲ್ 920×430. ಸ್ಮಾಲ್ 462×174. ಮೇನ್ 1232×706. ವರ್ಟಿಕಲ್ 748×896. ಕೊಂಡವರ ಲೈಬ್ರರಿಗೆ, ಅಂದರೆ ಕೊಂಡ ಆಟಗಳೆಲ್ಲ ಕಾಣುವ ಜಾಗಕ್ಕೆ, 600×900ರ ಪೋಸ್ಟರ್ ಮತ್ತು 3840×1240ರ ಹೀರೋ ಚಿತ್ರ. ಹೀರೋ ಚಿತ್ರದಲ್ಲಿ ಅಕ್ಷರ ಇರಬಾರದು. ಹೆಸರನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಲೋಗೋ ಆಗಿ ಬೇರೆ ಕೊಡಬೇಕು. ಅಳತೆಗಳನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಆಗಾಗ ಬದಲಿಸುತ್ತದೆ, ಹಾಗಾಗಿ ಚಿತ್ರಕಾರರಿಗೆ ಕಳಿಸುವ ದಿನ ಆಟ ಮಾಡುವವರಿಗಾಗಿ ಇರುವ ಸ್ಟೀಮ್‌ವರ್ಕ್ಸ್ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಇವುಗಳಲ್ಲಿ ಸ್ಮಾಲ್ ಕ್ಯಾಪ್ಸೂಲ್ ಬಹಳ ಜನ ಹಾಳು ಮಾಡುವ ಜಾಗ. ಸ್ಟೀಮ್ ಇದನ್ನು 184×69 ಮತ್ತು 120×45ಕ್ಕೆ ಇಳಿಸಿಯೂ ಬಳಸುತ್ತದೆ. 120×45 ಅಂದರೆ ಪರದೆಯ ಮೇಲೆ ಉಗುರಿನಷ್ಟು. ಅಲ್ಲಿ ಮನುಷ್ಯ, ಮೋಡ, ಗದ್ದೆ ಏನೂ ಉಳಿಯುವುದಿಲ್ಲ. ಹೆಸರು ಮಾತ್ರ ಉಳಿಯಬೇಕು. ಹಾಗಾಗಿ ಸ್ಮಾಲ್ ಕ್ಯಾಪ್ಸೂಲ್‌ನಲ್ಲಿ ಹೆಸರು ಹೆಚ್ಚುಕಡಿಮೆ ಪೂರ್ತಿ ಚೌಕ ತುಂಬಲಿ, ಉಪಶೀರ್ಷಿಕೆ ತೆಗೆದುಹಾಕಿ. ಅಕ್ಷರ ದಪ್ಪ ಇರಲಿ, ಹಿನ್ನೆಲೆಗಿಂತ ಚೆನ್ನಾಗಿ ಬೇರೆ ಕಾಣಲಿ. ಹಳೇ ಶಾಸನದಂಥ ಅಲಂಕಾರದ ಅಕ್ಷರಶೈಲಿ ದೊಡ್ಡದರಲ್ಲಿ ಚಂದ, ಇಲ್ಲಿ ಇರುವೆ ಸಾಲು.

ಹೆಸರನ್ನು ಕನ್ನಡ ಅಕ್ಷರದಲ್ಲೂ ಹಾಕೋಣ ಅನಿಸುತ್ತದೆ. ನನಗೂ ಅನಿಸಿತು. ಆದರೆ ಎರಡು ಲಿಪಿ ಒಂದೇ ಕ್ಯಾಪ್ಸೂಲ್‌ನಲ್ಲಿ ತುರುಕಿದರೆ ಎರಡೂ ಓದಲಾಗುವುದಿಲ್ಲ. ಕನ್ನಡದ ಹೆಸರನ್ನು ಆಟದ ಮೊದಲ ಪರದೆಯಲ್ಲಿ, ಟ್ರೇಲರ್‌ನ ಕೊನೆಯಲ್ಲಿ ದೊಡ್ಡದಾಗಿ ಬರೆಯಿರಿ, ಅಲ್ಲಿ ಅದಕ್ಕೆ ಮರ್ಯಾದೆ ಜಾಸ್ತಿ.

ಒಂದು ನಿಯಮ ನೆನಪಿರಲಿ. 2022ರ ಸೆಪ್ಟೆಂಬರ್ 1ರಿಂದ ಕ್ಯಾಪ್ಸೂಲ್ ಮೇಲೆ ಆಟದ ಚಿತ್ರ, ಹೆಸರು, ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೇನೂ ಹಾಕುವಂತಿಲ್ಲ. ವಿಮರ್ಶೆಯ ಅಂಕ, ಪ್ರಶಸ್ತಿಯ ಲೋಗೋ, "ಈಗ 50% ಕಡಿಮೆ" ಯಾವುದೂ ನಡೆಯುವುದಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಹೇಳುವ ಚಿತ್ರವನ್ನು ತಾತ್ಕಾಲಿಕವಾಗಿ ಹಾಕಲು ಬೇರೆ ವ್ಯವಸ್ಥೆ ಇದೆ. ಇನ್ನು ಎಐ. ಅದನ್ನು ಬಳಸಿದ್ದರೆ ಸ್ಟೀಮ್‌ನ ಫಾರಂನಲ್ಲಿ ಹೇಳಬೇಕು, ಹೇಳಿದ್ದು ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಸ್ಟ್ರಾಟಜಿ ಆಟಗಾರರು ಪುಟದ ಕೊನೆಯವರೆಗೂ ಓದುವ ಜನ, ಅದನ್ನೂ ಓದುತ್ತಾರೆ.

ಹೆಜ್ಜೆ 5: ಸ್ಕ್ರೀನ್‌ಶಾಟ್

ಕನಿಷ್ಠ ಐದು ಬೇಕು, 1920×1080 ಅಥವಾ ಅದಕ್ಕಿಂತ ದೊಡ್ಡದು, 16:9. ಆಟದ ನಿಜವಾದ ಪರದೆಯೇ ಆಗಿರಬೇಕು. ಕಾನ್ಸೆಪ್ಟ್ ಆರ್ಟ್, ಅಂದರೆ ಆಟ ಹೀಗಿರಲಿ ಅಂತ ಬರೆದ ಕಲ್ಪನೆಯ ಚಿತ್ರ, ಇಲ್ಲಿಗೆ ಬೇಡ. ಎಲ್ಲ ವಯಸ್ಸಿನವರಿಗೂ ಸಲ್ಲುವಂಥ ನಾಲ್ಕನ್ನಾದರೂ ಗುರುತು ಮಾಡಬೇಕು.

ಬಟನ್, ಮೀಟರ್, ಅಂಕಿಗಳನ್ನೆಲ್ಲ ಮರೆಮಾಡಿ ಬರೀ ಚಂದದ ನೋಟ ಹಾಕುವ ಚಪಲ ಎಲ್ಲರಿಗೂ ಇರುತ್ತದೆ. ಬೇರೆ ಜಾತಿಯ ಆಟಗಳಿಗೆ ಅದು ಸರಿ ಇರಬಹುದು. ಸ್ಟ್ರಾಟಜಿ ಆಟಗಾರನಿಗೆ ಆ ಮೀಟರ್‌ಗಳೇ ಬೇಕು. ಅವನು ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ, ಮೂಲೆಯ ಅಂಕಿ ಓದಿ, "ಓ, ಇಲ್ಲಿ ಮೂರು ಸಂಪನ್ಮೂಲ ಇವೆ, ಮುಂದಿನ ವಾರದ ಮಳೆ ಮುಂಚೆಯೇ ಗೊತ್ತಾಗುತ್ತದೆ" ಅಂತ ತಾನೇ ಆಟ ಕಲಿತುಬಿಡುತ್ತಾನೆ. ಒಂದು ಚಂದದ ನೋಟ ಸಾಕು, ಅದನ್ನು ಕೊನೆಯಲ್ಲಿಡಿ.

2018ರ ಇಂಟು ದಿ ಬ್ರೀಚ್ ಎಂಬ ಆಟ ನೋಡಿ. 8×8 ಚೌಕದ ಪುಟ್ಟ ಹಾಸು, ಮೂರು ಯಂತ್ರಗಳು, ಸುತ್ತ ಶತ್ರುಗಳು. ಮುಂದೆ ಯಾವ ಶತ್ರು ಎಲ್ಲಿ ಹೊಡೆಯುತ್ತಾನೆ ಅನ್ನುವುದು ಹಾಸಿನ ಮೇಲೆಯೇ ತೋರಿಸಿರುತ್ತದೆ. ಹಾಗಾಗಿ ಅದರ ಯಾವ ಸ್ಕ್ರೀನ್‌ಶಾಟ್ ತೆಗೆದರೂ ಅದು ಬಿಡಿಸದ ಚದುರಂಗದ ಸಮಸ್ಯೆ ಹಾಗೆ ಕೂತಿರುತ್ತದೆ. ನೋಡುವವನು ಆಟ ಕೊಳ್ಳುವ ಮೊದಲೇ ಬಿಡಿಸಲು ಶುರು ಮಾಡುತ್ತಾನೆ. ಮಿನಿ ಮೆಟ್ರೋ ಇನ್ನೊಂದು ದಾರಿ ಹಿಡಿಯಿತು. ಪರದೆಯೇ ಒಂದು ಮೆಟ್ರೋ ನಕ್ಷೆ, ನಿಲ್ದಾಣಗಳೇ ವೃತ್ತ, ತ್ರಿಕೋನ, ಚೌಕ. ಮೆಟ್ರೋ ಹತ್ತಿದ ಯಾರಿಗೂ ವಿವರಿಸಬೇಕಾಗಿಲ್ಲ.

ನಮ್ಮ ಆಟಕ್ಕೆ ಅಂಥ ಅದೃಷ್ಟ ಇಲ್ಲ, ಹಾಗಾಗಿ ಕ್ಷಣವನ್ನು ನಾವೇ ಸಿದ್ಧ ಮಾಡಬೇಕು. ಆಡುತ್ತಾ ಆಡುತ್ತಾ ಸ್ಕ್ರೀನ್‌ಶಾಟ್ ತೆಗೆಯುವ ಎಫ್12 ಕೀ ಒತ್ತಿ ಸಿಕ್ಕಿದ್ದನ್ನು ಹಾಕಬೇಡಿ. ಒಂದು ಸೇವ್ ಫೈಲ್ ಕೈಯಾರೆ ತಯಾರು ಮಾಡಿ. ನನ್ನ ಮೊದಲ ಸ್ಕ್ರೀನ್‌ಶಾಟ್ ಹೀಗಿರುತ್ತದೆ: ಮಳೆಗಾಲದ ನಡುವಿನ ವಾರ. ಮೂರನೇ ಕೆರೆ ಅಂಚಿಗೆ ಬಂದಿದೆ, ಮೀಟರ್ ಕೆಂಪು. ಐದನೇ ಊರಿನ ಗದ್ದೆ ಹಳದಿಯಾಗುತ್ತಿದೆ. ಮೇಲೆ ಮುಂದಿನ ವಾರದ ಮುನ್ಸೂಚನೆ, ಜೋರು ಮಳೆ. ಮೌಸ್ ಮೂರನೇ ಕೆರೆಯ ತೂಬಿನ ಮೇಲಿದೆ, ತೆಗೆದರೆ ಎಲ್ಲಿಗೆ ಎಷ್ಟು ನೀರು ಅಂತ ಪುಟ್ಟ ಚೌಕ ತೆರೆದಿದೆ. ಬಟನ್ ಇನ್ನೂ ಒತ್ತಿಲ್ಲ. ಒತ್ತುವ ಮುಂಚಿನ ಆ ಅರೆಕ್ಷಣ ನಮಗೆ ಬೇಕು. ಒತ್ತಿದ ಮೇಲಿನದಕ್ಕೆ ಜೀವ ಕಡಿಮೆ.

ಎರಡನೆಯದು ಸರಪಳಿ ಪೂರ್ತಿ ಕಾಣುವ ದೂರದ ನೋಟ. ಮೂರನೆಯದರಲ್ಲಿ ಏರಿ ಒಡೆದಿರಲಿ. ಸೋಲನ್ನು ತೋರಿಸಲು ಹೆದರಬೇಡಿ, ಸೋಲುವ ಭಯ ಇಲ್ಲದಿದ್ದರೆ ತೂಬಿನ ಮುಂದೆ ಯಾರು ಯೋಚಿಸುತ್ತಾರೆ? ನಾಲ್ಕನೆಯದು ಊರಿನವರು ಜಗಳಕ್ಕೆ ಬಂದ ಪಂಚಾಯಿತಿ ಪರದೆ. ಐದನೆಯದು ಬೇಸಿಗೆ, ಬಣ್ಣ ಪೂರ್ತಿ ಬೇರೆ. ಐದನ್ನೂ ಚಿಕ್ಕದಾಗಿ ಸಾಲಾಗಿಟ್ಟು ನೋಡಿ. ಎರಡು ಒಂದೇ ಥರ ಕಂಡರೆ ಒಂದು ತೆಗೆಯಿರಿ.

ತೆಗೆಯುವ ಮುಂಚೆ ಇಂಟರ್ಫೇಸ್ ಗಾತ್ರ ತುಸು ದೊಡ್ಡದು ಮಾಡಿಕೊಳ್ಳಿ, ಲ್ಯಾಪ್‌ಟಾಪ್‌ನಲ್ಲಿ ನೋಡುವವರಿಗೂ ಓದಬರಲಿ. ಫ್ರೇಮ್ ಎಣಿಸುವ ಅಂಕಿ, ಡೀಬಗ್ ಬರಹ, "ಟೆಸ್ಟ್ ಊರು 2" ಥರದ ಹೆಸರು ಇದೆಯಾ ನೋಡಿ. ಇದು ಚಿಲ್ಲರೆ ವಿಷಯ ಅನಿಸುತ್ತದೆ. ನನ್ನ ಒಂದು ಪುಟದಲ್ಲಿ ಎಂಟು ತಿಂಗಳು "ಟೆಸ್ಟ್" ಅಂತ ಬರೆದ ಬಟನ್ ಇತ್ತು.

ಹೆಜ್ಜೆ 6: ಚಿಕ್ಕ ವಿವರಣೆ

ಹೆಡರ್ ಚಿತ್ರದ ಕೆಳಗೆ ಬರುವ ಸಾಲುಗಳಿವು. ಸುಮಾರು 300 ಅಕ್ಷರ, ಜಾಗಗಳೂ ಸೇರಿ. ಪುಟದಲ್ಲಿ ನಿಜವಾಗಿ ಓದುವ ಬರಹ ಅಂದರೆ ಇದೇ. ನೀವು ಬರೆಯುವುದು ಇಂಗ್ಲಿಷ್‌ನಲ್ಲೇ ಇರಬಹುದು, ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ ಅನ್ನುವುದು ನನ್ನ ಸಲಹೆ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ನೂರು ಪುಟಗಳಲ್ಲಿ ಓದಿದ ಸವಕಲು ಪದಗಳು ತಾವಾಗಿಯೇ ಬಂದು ಕೂರುತ್ತವೆ.

ಮೊದಲ ಪ್ರಯತ್ನ:

"ನೀರುಗಂಟಿ ಒಂದು ಅನನ್ಯ ಸ್ಟ್ರಾಟಜಿ ಅನುಭವ. ಸುಂದರ ಪ್ರಾಚೀನ ಜಗತ್ತಿನಲ್ಲಿ ಮುಳುಗಿ, ಸವಾಲುಗಳನ್ನು ಎದುರಿಸಿ, ನಿಮ್ಮ ಹಣೆಬರಹ ನೀವೇ ಬರೆಯಿರಿ."

ಹೆಸರು ಕಿತ್ತು ಬೇರೆ ಯಾವ ಆಟದ ಹೆಸರು ಹಾಕಿದರೂ ನಡೆಯುತ್ತದೆ. ಅಲ್ಲಿಗೆ ಇದು ಯಾವ ಆಟದ್ದೂ ಅಲ್ಲ. ಮೇಲಾಗಿ ಕೆರೆ ಒಡೆಯುವ ಆಟದಲ್ಲಿ "ಮುಳುಗಿ" ಅನ್ನುವುದು ಬೇರೆ.

ಎರಡನೆಯದು:

"ಏಳು ಕೆರೆಗಳ ಸರಪಳಿ ನಡೆಸುವ ಟರ್ನ್-ಬೇಸ್ಡ್ ಸ್ಟ್ರಾಟಜಿ ಆಟ. 12 ಬೆಳೆಗಳು, 40 ಘಟನೆಗಳು, 5 ಕಷ್ಟದ ಮಟ್ಟಗಳು."

ಪರವಾಗಿಲ್ಲ. ಜಾತಿ ಗೊತ್ತಾಯಿತು, ವಿಷಯ ಗೊತ್ತಾಯಿತು. ಆದರೆ ಕಿರಾಣಿ ಪಟ್ಟಿ ಓದಿದ ಹಾಗಿದೆ. 12 ಬೆಳೆ ಇದ್ದರೆ ನನಗೇನು?

ಮೂರನೆಯದು:

"ಏಳು ಕೆರೆ, ಏಳು ಊರು, ತೂಬು ನಿಮ್ಮ ಕೈಲಿ. ಈ ವಾರ ನೀರು ಬಿಟ್ಟರೆ ಬೇಸಿಗೆಗೆ ಸಾಲದು, ಹಿಡಿದಿಟ್ಟರೆ ಮಳೆಗೆ ಏರಿ ಒಡೆಯಬಹುದು. ಊರವರ ಜಗಳ, ಮೋಡದ ಲೆಕ್ಕ, ಎರಡನ್ನೂ ಸಂಭಾಳಿಸುತ್ತಾ ಒಂದು ವರ್ಷ ದಾಟಿಸಬೇಕಾದ ಟರ್ನ್-ಬೇಸ್ಡ್ ಸ್ಟ್ರಾಟಜಿ ಆಟ."

ಮೊದಲ ವಾಕ್ಯದಲ್ಲಿ ಆಟಗಾರ ಯಾರು ಅಂತ ಇದೆ. ಎರಡನೆಯದರಲ್ಲಿ ತಲೆನೋವು. ಮೂರನೆಯದರಲ್ಲಿ ಗೆಲ್ಲುವುದು ಏನು ಮತ್ತು ಆಟದ ಜಾತಿ. ಇದರಲ್ಲಿ ಇನ್ನೂ ಕಡಿಮೆ ಮಾಡಬಹುದಾ ಅಂತ ನೋಡಿ. "ಸಂಭಾಳಿಸುತ್ತಾ" ನನಗೆ ಈಗಲೂ ಅಷ್ಟು ಹಿಡಿಸಿಲ್ಲ. ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಹಾಕಿಕೊಂಡ ಕಡೆ ವಾಕ್ಯ ಮುರಿಯಿರಿ.

ಹೆಜ್ಜೆ 7: ದೊಡ್ಡ ವಿವರಣೆ

ಇಲ್ಲಿಯವರೆಗೆ ಇಳಿದು ಬಂದವನು ಅರ್ಧ ಒಪ್ಪಿದವನು. ಅವನಿಗೆ ಈಗ ಅನುಮಾನ ಮಾತ್ರ ಬಾಕಿ. ಸಾವಿರ ವರ್ಷಗಳ ಹಿಂದೆ ಒಂದು ರಾಜ್ಯದಲ್ಲಿ ಅಂತ ಕಥೆ ಶುರು ಮಾಡಬೇಡಿ. ಅನುಮಾನಗಳಿಗೆ ಉತ್ತರ ಕೊಡಿ: ಒಂದು ಆಟಕ್ಕೆ ಎಷ್ಟು ಹೊತ್ತು? ಪ್ರತಿ ಸಲ ನಕ್ಷೆ ಬದಲಾಗುತ್ತದಾ? ಎದುರಾಳಿ ಇದ್ದಾನಾ ಅಥವಾ ಪ್ರಕೃತಿಯೇ ಎದುರಾಳಿಯಾ? ಸೋತರೆ ಮೊದಲಿಂದಲಾ? ಸಮಯದ ಒತ್ತಡ ಇದೆಯಾ, ನಿಧಾನಕ್ಕೆ ಯೋಚಿಸಬಹುದಾ? ಕೊನೆಯದು ಬಹಳ ಜನಕ್ಕೆ ಮುಖ್ಯ.

ಮೂರು ನಾಲ್ಕು ಉಪಶೀರ್ಷಿಕೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಗಿಫ್ (ಚಲಿಸುವ ಚಿತ್ರ), ಕೆಳಗೆ ಎರಡು ಮೂರು ವಾಕ್ಯ. ಉಪಶೀರ್ಷಿಕೆಗಳು ಆಟಗಾರ ಮಾಡುವ ಕೆಲಸಗಳಾಗಿರಲಿ: "ತೂಬು ತೆಗೆಯಿರಿ, ಅಥವಾ ಬಿಡಿ", "ಮೋಡ ಓದಿ", "ಪಂಚಾಯಿತಿ ಎದುರಿಸಿ". ಗಿಫ್‌ನಲ್ಲಿ ಒಂದು ಕ್ರಿಯೆ, ಅದರ ಫಲ, ಅಷ್ಟೇ. ತೂಬು ತೆಗೆದರು, ನೀರು ಹರಿಯಿತು, ಗದ್ದೆ ಹಸಿರಾಯಿತು, ಕೆರೆಯ ಮೀಟರ್ ಇಳಿಯಿತು. ಫೈಲ್ ಹಗುರ ಇರಲಿ, ಹಳ್ಳಿಯ ನೆಟ್‌ನಲ್ಲಿ ನಿಮ್ಮ ಪುಟ ನೀವೇ ತೆರೆದು ನೋಡಿ. ಉದ್ದದ ವಿವರಣೆಯನ್ನು ಸ್ಟೀಮ್ ಮಡಚಿಡುತ್ತದೆ, "ಇನ್ನಷ್ಟು ಓದಿ" ಒತ್ತಿದವರಿಗೆ ಮಾತ್ರ ಉಳಿದದ್ದು. ಹಾಗಾಗಿ ಗಟ್ಟಿಯಾದದ್ದು ಮೇಲೆ ಬರಲಿ. ಬೇರೆ ವೆಬ್‌ಸೈಟ್‌ಗಳ ಲಿಂಕ್‌ಗಳನ್ನು ಇದರೊಳಗೆ ಹಾಕಬೇಡಿ, ಅವಕ್ಕೆ ಪುಟದಲ್ಲಿ ಬೇರೆಯೇ ಜಾಗ ಇದೆ.

ಹೆಜ್ಜೆ 8: ಟ್ರೇಲರ್, ಟ್ಯಾಗ್, ಭಾಷೆ

ಟ್ರೇಲರ್ ಬಗ್ಗೆ ಬೇರೆಯೇ ಬರಹ ಬೇಕು. ಒಂದೇ ಮಾತು: ನಿಮ್ಮ ಕಂಪನಿಯ ಲೋಗೋದಿಂದ ಶುರು ಮಾಡಬೇಡಿ. ಮೊದಲ ಸೆಕೆಂಡಿನಿಂದ ಆಟ ಕಾಣಲಿ, ಒಂದು ಪೂರ್ತಿ ಟರ್ನ್ ನಿಧಾನಕ್ಕೆ ತೋರಿಸಿ, ಆಮೇಲೆ ವೇಗ ಹೆಚ್ಚಿಸಿ.

ಟ್ಯಾಗ್ 20ರವರೆಗೆ ಹಾಕಬಹುದು, ಕ್ರಮಕ್ಕೆ ಬೆಲೆ ಇದೆ. ಮೇಲಿನ ಕೆಲವು ಮಾತ್ರ ಪುಟದಲ್ಲಿ ನೇರ ಕಾಣುತ್ತವೆ. "ಇಂಡೀ", "ಸ್ಟ್ರಾಟಜಿ" ಥರದ ಅಗಲವಾದವುಗಳನ್ನು ಮೇಲಿಟ್ಟರೆ ಏನೂ ಹೇಳಿದಂತಾಗುವುದಿಲ್ಲ. ಟರ್ನ್-ಬೇಸ್ಡ್ ಸ್ಟ್ರಾಟಜಿ, ರಿಸೋರ್ಸ್ ಮ್ಯಾನೇಜ್‌ಮೆಂಟ್, ಅಗ್ರಿಕಲ್ಚರ್, ಸಿಂಗಲ್‌ಪ್ಲೇಯರ್, ಹೀಗೆ ಕಿರಿದಾದವು ಮೊದಲು. ಯಾವ ಆಟದ ಅಭಿಮಾನಿಗಳಿಗೆ ನಿಮ್ಮದು ಹಿಡಿಸಬಹುದೋ ಅದರ ಪುಟ ತೆರೆದು ಅಲ್ಲಿನ ಟ್ಯಾಗ್‌ಗಳನ್ನು ನೋಡಿ. ಈಗ ಜನಪ್ರಿಯವಾಗಿದೆ ಅಂತ ಸುಳ್ಳು ಟ್ಯಾಗ್ ಮಾತ್ರ ಹಾಕಬೇಡಿ. ಟ್ಯಾಂಕ್ ಹುಡುಕಿ ಬಂದವನ ಕಥೆ ಮೇಲೆ ಹೇಳಿದೆನಲ್ಲ.

ಭಾಷೆಯ ವಿಷಯದಲ್ಲಿ ಒಂದು ಬೇಸರದ ಸಂಗತಿ: ಸ್ಟೀಮ್‌ನ ಅಂಗಡಿ ಪುಟವನ್ನು ಕನ್ನಡದಲ್ಲಿ ತೋರಿಸಲು ಬರುವುದಿಲ್ಲ. ಗೂಗಲ್ ಪ್ಲೇನಲ್ಲಿ ಬರುತ್ತದೆ. ಆಟವನ್ನು ಆಂಡ್ರಾಯ್ಡ್‌ಗೂ ತರುವುದಾದರೆ ಅಲ್ಲಿ ಹೆಸರಿಗೆ 30 ಅಕ್ಷರ, ಚಿಕ್ಕ ವಿವರಣೆಗೆ 80 ಅಕ್ಷರ, 512×512ರ ಐಕಾನ್, 1024×500ರ ಫೀಚರ್ ಗ್ರಾಫಿಕ್. ಮೇಲಿನ ಮೂರನೇ ಪ್ರಯತ್ನದ ಮೊದಲ ವಾಕ್ಯ 80 ಅಕ್ಷರದೊಳಗೆ ಆರಾಮಾಗಿ ಕೂರುತ್ತದೆ. ಸಣ್ಣ ತಂಡಗಳ ಆಟಗಳಿಗೆ ಹೆಸರಾದ ಇಚ್ ಎಂಬ ವೆಬ್‌ಸೈಟ್‌ನಲ್ಲಿ ಡೆಮೊ ಹಾಕುವವರಿಗೆ ಕವರ್ ಚಿತ್ರ 630×500 ಇರಲಿ. ಬೇರೆ ಭಾಷೆಗೆ ಪುಟ ಅನುವಾದಿಸುವುದು ಆಟವೂ ಆ ಭಾಷೆಯಲ್ಲಿದ್ದಾಗ ಮಾತ್ರ ಒಳ್ಳೆಯದು. ಸ್ಟ್ರಾಟಜಿ ಆಟದಲ್ಲಿ ಓದುವುದು ಬಹಳ. ಪುಟ ಜರ್ಮನ್‌ನಲ್ಲಿ, ಆಟ ಇಂಗ್ಲಿಷ್‌ನಲ್ಲಿ ಅಂದರೆ ಬೈಸಿಕೊಳ್ಳುತ್ತೀರಿ.

ಹೆಜ್ಜೆ 9: ಪ್ರಕಟಿಸಿ, ಲೆಕ್ಕ ನೋಡಿ

ಸ್ಟೀಮ್‌ನಲ್ಲಿ ಒಂದು ಆಟ ಹಾಕಲು 100 ಡಾಲರ್ ಕಟ್ಟಬೇಕು. ಪುಟವನ್ನು ಅವರು ನೋಡಿ ಒಪ್ಪಲು ಮೂರರಿಂದ ಐದು ಕೆಲಸದ ದಿನ ಹಿಡಿಯಬಹುದು. ಬಿಡುಗಡೆಗೆ ಕನಿಷ್ಠ ಎರಡು ವಾರ ಮುಂಚೆ "ಬರಲಿದೆ" ಪುಟ ತೆರೆದಿರಬೇಕು. ಇದು ಕನಿಷ್ಠ ಮಾತ್ರ. ಆಟ ತೋರಿಸುವ ಮಟ್ಟಕ್ಕೆ ಬಂದ ಕೂಡಲೇ ತೆರೆಯಿರಿ, ತಿಂಗಳುಗಟ್ಟಲೆ ವಿಶ್‌ಲಿಸ್ಟ್, ಅಂದರೆ ಮುಂದೆ ಕೊಳ್ಳೋಣ ಅಂತ ಜನ ಹಾಕಿಟ್ಟ ಗುರುತು, ಕೂಡಲಿ. ವಿಶ್‌ಲಿಸ್ಟ್ ಮಾಡಿದವರಿಗೆ ಬಿಡುಗಡೆಯ ದಿನ ಸ್ಟೀಮ್ ತಾನೇ ಮೇಲ್ ಕಳಿಸುತ್ತದೆ. ಬರಲಿರುವ ಆಟಗಳ ಡೆಮೊ ತೋರಿಸುವ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಸಲ ಬರುತ್ತದೆ, ಆದರೆ ಒಂದು ಆಟಕ್ಕೆ ಒಂದೇ ಸಲ ಅವಕಾಶ. ಪುಟ ಅರೆಬೆಂದಿದ್ದರೆ ಆ ಸಲ ಬಿಡಿ, ಮುಂದಿನದಕ್ಕೆ ಹೋಗಿ.

ಸ್ಟೀಮ್‌ವರ್ಕ್ಸ್‌ನ ಟ್ರಾಫಿಕ್ ಪುಟದಲ್ಲಿ ಎರಡು ಅಂಕಿ ಮುಖ್ಯ: ಕ್ಯಾಪ್ಸೂಲ್ ಎಷ್ಟು ಸಲ ಕಂಡಿತು, ಎಷ್ಟು ಜನ ಪುಟಕ್ಕೆ ಬಂದರು. ಬಹಳ ಸಲ ಕಂಡು, ಒಳಗೆ ಬಂದವರು ಕಡಿಮೆ ಅಂದರೆ ಕ್ಯಾಪ್ಸೂಲ್ ನೋಡಿ. ಒಳಗೆ ಬರುತ್ತಿದ್ದಾರೆ, ವಿಶ್‌ಲಿಸ್ಟ್ ಆಗುತ್ತಿಲ್ಲ ಅಂದರೆ ತೊಂದರೆ ಒಳಗಿದೆ: ಮೊದಲ ಸ್ಕ್ರೀನ್‌ಶಾಟ್, ಚಿಕ್ಕ ವಿವರಣೆ, ಇಲ್ಲವೇ ಟ್ಯಾಗ್ ತಪ್ಪು ಜನರನ್ನು ಕರೆತರುತ್ತಿದೆ. ಕಾಣಿಸುವುದೇ ಕಡಿಮೆ ಅಂದರೆ ಟ್ಯಾಗ್‌ನಿಂದ ಶುರು ಮಾಡಿ. ನೀವು ಹೊರಗೆ ಹಂಚುವ ಲಿಂಕ್‌ಗಳಿಗೆ ಯುಟಿಎಂ ಬಾಲ (ಎಲ್ಲಿಂದ ಬಂದರು ಅಂತ ಗುರುತಿಸುವ ಪದಗಳು) ಸೇರಿಸಿ, ಯಾವ ಕಡೆಯಿಂದ ಬಂದವರು ವಿಶ್‌ಲಿಸ್ಟ್ ಮಾಡುತ್ತಾರೆ ಅಂತ ಗೊತ್ತಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಬಿಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ. ಆ ವಾರ ಸೇಲ್ ಇತ್ತಾ, ಯಾರಾದರೂ ಯೂಟ್ಯೂಬ್‌ನಲ್ಲಿ ಆಡಿದರಾ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ, ಗ್ರಾಫ್ ನಿಮಗೆ ಅದನ್ನು ಹೇಳುವುದಿಲ್ಲ. ಹಳೇ ಕ್ಯಾಪ್ಸೂಲ್ ಫೈಲ್ ಅಳಿಸಬೇಡಿ, ವಾಪಸ್ ಹಾಕಬೇಕಾಗಬಹುದು. ನಾನು ಬರೆಯುವುದು ಗೋಡೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ: "4, ಶುಕ್ರವಾರ. ಸ್ಮಾಲ್ ಕ್ಯಾಪ್ಸೂಲ್ ಬದಲು, ಉಪಶೀರ್ಷಿಕೆ ತೆಗೆದೆ. 18ಕ್ಕೆ ನೋಡುವುದು."